ದೋಣಿಯ ಒಡೆಯ ಯಾರು?

ಹಳಗನ್ನಡದಲ್ಲಿ ‘ಒಡವೆ’ ಎಂದರೆ ಕೊರಳಿನ ಸರ, ಕೈಯ ಬಳೆ ಮಾತ್ರವಲ್ಲ. ಮನುಷ್ಯನಿಗೆ ಸೇರಿದ ಸ್ವತ್ತೆಲ್ಲವೂ ಅವನ ಒಡವೆಯೇ. ಒಡವೆ, ಒಡೆಯ, ಒಡೆತನ—ಇವು ಒಂದೇ ಬಳ್ಳಿಯ ಮಾತುಗಳು. ನಾಲಗೆಯ ಮೇಲೆ ಇಷ್ಟು ಹತ್ತಿರದಲ್ಲಿರುವ ಒಡವೆಯನ್ನೂ ಒಡೆಯನನ್ನೂ ಕಾಗದದ ಮೇಲೆ ಒಂದುಗೂಡಿಸುವುದು ಎಷ್ಟು ಪ್ರಯಾಸದ ಕೆಲಸವೆಂಬುದನ್ನು ಊರಿನಲ್ಲಿ ಒಂದು ನಿವೇಶನವನ್ನಾದರೂ ಕೊಂಡವರಿಗೆ ವಿವರಿಸಬೇಕಾಗಿಲ್ಲ. ಕಂದಾಯದ ರಸೀತಿ ಒಂದು ಮಾತು ಹೇಳುತ್ತದೆ, ಖಾತೆ ಇನ್ನೊಂದು, ಕ್ರಯಪತ್ರ ಮತ್ತೊಂದು. ಇವೆಲ್ಲ ಸರಿಯಿದ್ದಾಗಲೂ ಸಬ್‌ರಿಜಿಸ್ಟ್ರಾರರ ಕಚೇರಿಯಿಂದ ಋಣಭಾರ ಪತ್ರವನ್ನು ತರಿಸಿ ನೋಡದೆ ಬುದ್ಧಿವಂತರು ಮುಂಗಡ ಕೊಡುವುದಿಲ್ಲ.

ನಿವೇಶನವಾದರೋ ಇದ್ದಲ್ಲೇ ಇರುತ್ತದೆ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಮನೆ ಎಂದು ಚಕ್ಕುಬಂದಿ ಬರೆಯಬಹುದು. ರಾತ್ರೋರಾತ್ರಿ ಅದು ಎದ್ದು ಮತ್ತೊಂದು ಜಿಲ್ಲೆಗೆ ಹೋಗಲಾರದು. ಆದರೆ ಆಸ್ತಿಯೇ ನೀರಿನ ಮೇಲೆ ತೇಲುವಂಥದಾದರೆ? ಇಂದು ಒಂದು ರಾಜ್ಯದ ದಡದಲ್ಲಿ ಕಟ್ಟಿದ್ದು ನಾಳೆ ಇನ್ನೊಂದು ರಾಜ್ಯದ ದಡದಲ್ಲಿ ಕಾಣಿಸಿಕೊಂಡರೆ? ಅದಕ್ಕೆ ಚಕ್ಕುಬಂದಿ ಬರೆಯುವವರು ಯಾರು? ಅದರ ಒಡೆಯ ಯಾರೆಂದು ಕೇಳಬೇಕಾದರೆ ಯಾವ ಕಚೇರಿಯ ಬಾಗಿಲನ್ನು ತಟ್ಟಬೇಕು?

ಈ ಪ್ರಶ್ನೆಗಳಿಗೆ ಅಮೆರಿಕ ಸಂಯುಕ್ತ ಸಂಸ್ಥಾನಗಳು ಇನ್ನೂರು ವರ್ಷಗಳಿಗೂ ಮೀರಿದ ಕಾಲದಿಂದ ಉತ್ತರ ಹುಡುಕುತ್ತ ಬಂದಿವೆ. ಅಲ್ಲಿನ ದೋಣಿಯ ಕಾಯಿದೆಗಳಿಂದ ನಮಗೇನೆಂದು ಓದುಗರು ಕೇಳಬಹುದು. ನಮ್ಮ ಎಷ್ಟೋ ಮನೆಗಳ ಮಕ್ಕಳು ಇಂದು ಆ ದೇಶದಲ್ಲಿ ಸಂಸಾರ ಹೂಡಿದ್ದಾರೆ. ಸರೋವರಗಳ ನಾಡಾದ ಮಿಷಿಗನ್, ಮಿನೆಸೋಟಗಳಲ್ಲಿಯೂ ಕಡಲು ಸುತ್ತಿದ ಫ್ಲಾರಿಡದಲ್ಲಿಯೂ ಮನೆಯ ಮುಂದೆ ಮೋಟಾರು ದೋಣಿಯೊಂದು ನಿಂತಿರುವುದು ಅಪರೂಪದ ದೃಶ್ಯವೇನೂ ಅಲ್ಲ. ಬೇಸಗೆ ಬಂತೆಂದರೆ ನಮ್ಮವರಿಗೂ ಆ ಆಸೆ ಹುಟ್ಟುತ್ತದೆ. ಹಳೆಯ ದೋಣಿ ಅಗ್ಗದಲ್ಲಿ ಸಿಕ್ಕುತ್ತದೆ. ತೊಡಕು ಹುಟ್ಟುವುದೂ ಅಲ್ಲಿಯೇ.

ಸಂಖ್ಯೆಯ ಹುಟ್ಟು

ಅಮೆರಿಕದ ಮೊದಲ ಕಾಂಗ್ರೆಸ್ಸು ಕೂಡಿದ ವರ್ಷವೇ, ಎಂದರೆ 1789ರ ಸೆಪ್ಟೆಂಬರ್ 1ರಂದು, ಹಡಗುಗಳ ನೋಂದಣಿಯ ಕಾಯಿದೆ ಜಾರಿಗೆ ಬಂತು. ಹಡಗಿನ ಒಡೆಯನು ಬಂದರಿನ ಸುಂಕದ ಅಧಿಕಾರಿಯ ಮುಂದೆ ಪ್ರಮಾಣಮಾಡಿ ತನ್ನ ಒಡೆತನವನ್ನು ಹೇಳಿ ಬರೆಸಬೇಕಾಗಿತ್ತು. ಹೊಸ ರಾಷ್ಟ್ರಕ್ಕೆ ಸುಂಕವೇ ಮುಖ್ಯವಾದ ಆದಾಯವಾಗಿದ್ದುದರಿಂದ, ಯಾವ ಹಡಗು ತನ್ನದು, ಯಾವುದು ಪರದೇಶದ್ದು ಎಂಬುದನ್ನು ತಿಳಿಯದೆ ಸರ್ಕಾರ ನಡೆಯುವಂತಿರಲಿಲ್ಲ. ಆದರೆ ಅದು ವ್ಯಾಪಾರದ ಹಡಗುಗಳ ಮಾತು. ಕೆರೆಯಲ್ಲಿ ಮೀನು ಹಿಡಿಯುವವನ ಪುಟ್ಟ ದೋಣಿಯನ್ನು ಕೇಳುವವರಾರೂ ಇರಲಿಲ್ಲ.

ಯಂತ್ರ ಬಂದಮೇಲೆ ಆ ನಿಶ್ಚಿಂತೆ ಮುಗಿಯಿತು. 1918ರಲ್ಲಿ, ಹಡಗುಗಳ ದಾಖಲೆಗೆ ಸೇರದ ಯಂತ್ರದೋಣಿಗಳೂ ಸಂಖ್ಯೆಯನ್ನು ಪಡೆಯಬೇಕೆಂಬ ಕಾಯಿದೆಯಾಯಿತು. ಎರಡನೆಯ ಮಹಾಯುದ್ಧ ಮುಗಿದಮೇಲೆ, ಹಿಂಬದಿಗೆ ತಗುಲಿಹಾಕುವ ಮೋಟಾರುಗಳು ಸಾಮಾನ್ಯ ಸಂಸಾರಸ್ಥರ ಕೈಗೂ ಎಟಕತೊಡಗಿದುವು. ದೋಣಿಗಳ ಸಂಖ್ಯೆ ಏರಿತು, ಅಪಘಾತಗಳೂ ಏರಿದುವು. 1958ರ ಕಾಯಿದೆ ಈ ಸಂಖ್ಯೆಯನ್ನು ಕೊಡುವ ಕೆಲಸವನ್ನು ಆಯಾ ರಾಜ್ಯಗಳೇ ವಹಿಸಿಕೊಳ್ಳುವುದಕ್ಕೆ ದಾರಿ ಮಾಡಿಕೊಟ್ಟಿತು. 1971ರ ದೋಣಿ ಸುರಕ್ಷತಾ ಕಾಯಿದೆ ಆ ವ್ಯವಸ್ಥೆಯನ್ನು ಇನ್ನಷ್ಟು ಬಿಗಿಗೊಳಿಸಿತು. ಹೀಗೆ ಸಂಖ್ಯೆಯ ರೂಪವನ್ನು ಕೇಂದ್ರ ಸರ್ಕಾರದ ಕೋಸ್ಟ್ ಗಾರ್ಡ್ ಇಲಾಖೆ ನಿಗದಿಮಾಡುತ್ತದೆ. ಸಂಖ್ಯೆಯನ್ನು ಕೊಡುವುದು ರಾಜ್ಯ. ಒಡೆತನದ ವಿಷಯವನ್ನು ಮಾತ್ರ ಪ್ರತಿಯೊಂದು ರಾಜ್ಯವೂ ತನ್ನ ಮನಸ್ಸಿಗೆ ಬಂದಂತೆ ನಡೆಸುತ್ತದೆ.

ದೋಣಿಯ ಮುಂಭಾಗದ ಎರಡು ಮಗ್ಗುಲಿನಲ್ಲಿಯೂ ಈ ಸಂಖ್ಯೆಯನ್ನು ಬರೆದಿರಬೇಕು. ಅಕ್ಷರಗಳು ನೆಟ್ಟಗಿರಬೇಕು, 3 ಅಂಗುಲಕ್ಕಿಂತ ಕಡಿಮೆ ಎತ್ತರವಿರಬಾರದು, ಹಿನ್ನೆಲೆಯ ಬಣ್ಣದಲ್ಲಿ ಕರಗಿಹೋಗಬಾರದು. ಮೊದಲು ರಾಜ್ಯವನ್ನು ಸೂಚಿಸುವ ಎರಡಕ್ಷರ, ಆಮೇಲೆ ಅಂಕಿಗಳು, ಕೊನೆಗೆ ಮತ್ತೆ ಒಂದೆರಡಕ್ಷರ. ಕೊನೆಯ ಅಕ್ಷರಗಳಲ್ಲಿ ಐ, ಓ, ಕ್ಯೂ ಎಂಬ ಮೂರು ಬರಕೂಡದು. ದೂರದಿಂದ ನೋಡುವವರಿಗೆ ಅವು ಒಂದರಂತೆಯೋ ಸೊನ್ನೆಯಂತೆಯೋ ಕಾಣುತ್ತವೆ. ಅಲೆಯ ಮೇಲೆ ಕುಣಿಯುತ್ತಿರುವ ದೋಣಿಯನ್ನು ಇನ್ನೊಂದು ಕುಣಿಯುವ ದೋಣಿಯಿಂದ ಗುರುತಿಸಬೇಕಾದ ಕಾವಲುಗಾರನ ಕಷ್ಟವನ್ನು ಬಲ್ಲವರು ಮಾಡಿದ ನಿಯಮವಿದು.

ರಾಜ್ಯದ ಎರಡಕ್ಷರದಲ್ಲಿಯೂ ಒಂದು ವಿನೋದವಿದೆ. ಇಂದು ಅಂಚೆಯ ವಿಳಾಸದಲ್ಲಿ ಬಳಕೆಯಲ್ಲಿರುವ ರಾಜ್ಯಗಳ ಎರಡಕ್ಷರದ ಸಂಕೇತಗಳು ಬಂದದ್ದು 1963ರಲ್ಲಿ. ದೋಣಿಗಳ ಸಂಕೇತ ಅದಕ್ಕಿಂತ ಹಳೆಯದು. ಆದುದರಿಂದ ಎಷ್ಟೋ ಕಡೆ ಎರಡಕ್ಕೂ ಹೊಂದಿಕೆಯಿಲ್ಲ. ಕ್ಯಾಲಿಫೋರ್ನಿಯದ ದೋಣಿಯ ಮೇಲೆ ಸಿ.ಎಫ್. ಎಂದಿರುತ್ತದೆ, ವಾಷಿಂಗ್ಟನ್ ರಾಜ್ಯದ್ದಕ್ಕೆ ಡಬ್ಲ್ಯು.ಎನ್.; ಮಿಷಿಗನ್ನಿನದಕ್ಕೆ ಎಂ.ಸಿ. ದೋಣಿಯ ಮೇಲೆ ಎಂ.ಐ. ಎಂದು ಕಂಡರೆ ಅದು ಮಿಷಿಗನ್ನಿನ ದೋಣಿಯೆಂದು ಅಂಚೆಯವನು ಹೇಳಿಯಾನು. ಆದರೆ ಅದು ದೂರದ ದಕ್ಷಿಣದ ಮಿಸಿಸಿಪ್ಪಿಯದು! ಹಳೆಯ ದೋಣಿಯೊಂದರ ಮೂಲವನ್ನು ಹುಡುಕುವವನು ಮೊದಲ ಹೆಜ್ಜೆಯಲ್ಲಿಯೇ ತಪ್ಪು ರಾಜ್ಯಕ್ಕೆ ಪತ್ರ ಬರೆಯದಂತೆ ಎಚ್ಚರ ವಹಿಸಬೇಕಾಗುತ್ತದೆ.

ನೋಂದಣಿಯೇ ಒಡೆತನವಲ್ಲ

ಈ ಸಂಖ್ಯೆಯೊಡನೆ ಒಡೆಯನಿಗೆ ಕಿಸೆಯಲ್ಲಿಡಬಹುದಾದ ಒಂದು ಚಿಕ್ಕ ಪತ್ರವೂ ಸಿಕ್ಕುತ್ತದೆ. ದೋಣಿ ನೀರಿನಲ್ಲಿರುವಾಗ ಈ ಪತ್ರ ಅದರಲ್ಲಿಯೇ ಇರತಕ್ಕದ್ದು. 3 ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಅದನ್ನು ಕೊಡುವಂತಿಲ್ಲ. ಒಡೆಯನ ವಿಳಾಸ ಬದಲಾದರೂ, ದೋಣಿಯನ್ನು ಮಾರಿದರೂ, ಅದು ಕಳುವಾದರೂ 15 ದಿನಗಳೊಳಗಾಗಿ ಕಚೇರಿಗೆ ತಿಳಿಸಬೇಕು. ಇಷ್ಟೆಲ್ಲ ಕಟ್ಟುನಿಟ್ಟನ್ನು ಕಂಡವರು, ಈ ಪತ್ರದಲ್ಲಿ ಯಾರ ಹೆಸರಿದೆಯೋ ಅವನೇ ದೋಣಿಯ ನಿಜವಾದ ಒಡೆಯನೆಂದು ನಂಬುವುದು ಸಹಜ. ಆದರೆ ಆ ನಂಬಿಕೆ ಪೂರ್ತಿ ಸರಿಯಲ್ಲ. ಈ ದೋಣಿಯನ್ನು ನೀರಿಗಿಳಿಸಲು ಇಂಥವನಿಗೆ ಅಪ್ಪಣೆಯಿದೆ, ಏನಾದರೂ ಅನಾಹುತವಾದರೆ ಇವನನ್ನು ಕೇಳಬೇಕು—ನೋಂದಣಿ ಹೇಳುವುದು ಮುಖ್ಯವಾಗಿ ಇಷ್ಟನ್ನೇ. ಒಡೆತನವನ್ನು ಸ್ಥಾಪಿಸುವ ಪತ್ರ ಬೇರೆ. ಅದನ್ನು ಅಲ್ಲಿ ‘ಟೈಟಲ್’ ಎನ್ನುತ್ತಾರೆ. ನಾವು ಹಕ್ಕುಪತ್ರ ಎನ್ನೋಣ.

ನೋಂದಣಿಗೆ ದೇಶವೆಲ್ಲಕ್ಕೂ ಒಂದೇ ಅಚ್ಚು ಇದೆ. ಹಕ್ಕುಪತ್ರಕ್ಕೆ ಅಂಥ ಅಚ್ಚು ಇಲ್ಲ. ಮಿಷಿಗನ್ನಿನಲ್ಲಿ 20 ಅಡಿಗಳಷ್ಟು ಅಥವಾ ಅದಕ್ಕಿಂತ ಉದ್ದವಾದ ದೋಣಿಗಳಿಗೂ, ಯಂತ್ರವನ್ನು ಒಡಲಿನಲ್ಲಿಯೇ ಖಾಯಮಾಗಿ ಕೂಡಿಸಿದ ದೋಣಿಗಳಿಗೂ ಹಕ್ಕುಪತ್ರ ಬೇಕು. ನ್ಯೂಯಾರ್ಕಿನಲ್ಲಿ 14 ಅಡಿ ಅಥವಾ ಅದಕ್ಕೆ ಮೇಲ್ಪಟ್ಟ, 1987 ಅಥವಾ ತರುವಾಯದ ಮಾದರಿಯ ದೋಣಿಗಳಿಗೆ ಮಾತ್ರ ಅದನ್ನು ಕೊಡುತ್ತಾರೆ. ಟೆಕ್ಸಾಸಿನಲ್ಲಿ ದೋಣಿಗೊಂದು ಹಕ್ಕುಪತ್ರವಾದರೆ, ಅದರ ಹಿಂದೆ ತಗುಲಿಹಾಕುವ ಮೋಟಾರಿಗೆ ಬೇರೆಯೇ ಒಂದು. ದೋಣಿ ಒಬ್ಬನದು, ಮೋಟಾರು ಇನ್ನೊಬ್ಬನದು ಆಗಿರುವುದೂ ಸಾಧ್ಯ. ಓಹಾಯೋದಲ್ಲಿ ಹಕ್ಕುಪತ್ರ ಕೊಡುವವರು ಜಿಲ್ಲೆಯ ನ್ಯಾಯಾಲಯದ ಗುಮಾಸ್ತೆಯ ಕಚೇರಿಯವರು. ನೋಂದಣಿಯ ಕೆಲಸ ನಿಸರ್ಗ ಸಂಪತ್ತಿನ ಇಲಾಖೆಗೆ ಸೇರಿದ್ದು. ದೋಣಿಗೆ ಹಕ್ಕುಪತ್ರವೆಂಬ ಪದ್ಧತಿಯನ್ನೇ ಇಟ್ಟುಕೊಳ್ಳದ ರಾಜ್ಯಗಳೂ ಇವೆ. ಅಲ್ಲಿ ಹಳೆಯ ಮಾರಾಟದ ಚೀಟಿಗಳ ಸರಪಣಿಯೇ ಒಡೆತನಕ್ಕೆ ಸಾಕ್ಷಿ.

ಈ ಭೇದವನ್ನು ಅರಿಯದವರಿಗೆ ಒದಗುವ ಕಷ್ಟಕ್ಕೆ ನಾನು ಕೇಳಿಬಲ್ಲ ಒಂದು ನಿದರ್ಶನವನ್ನು ಹೇಳುತ್ತೇನೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಆ ಸರೋವರಗಳ ನಾಡಿನಲ್ಲಿ ಇಂಜಿನಿಯರಾಗಿದ್ದಾರೆ. ಅವರು ತಮ್ಮ ಬೀದಿಗೆ ಸಮೀಪದಲ್ಲಿದ್ದ ಸಭ್ಯ ಗೃಹಸ್ಥನೊಬ್ಬನಿಂದ 18 ಅಡಿಯ ದೋಣಿಯೊಂದನ್ನು ಕೊಂಡರು. ಆ ರಾಜ್ಯದಲ್ಲಿ ಅಷ್ಟು ಚಿಕ್ಕ ದೋಣಿಗೆ ಹಕ್ಕುಪತ್ರ ಬೇಕಾಗಿರಲಿಲ್ಲ. ನೋಂದಣಿಯ ಚೀಟಿಯಲ್ಲಿ ಮಾರುವವನ ಹೆಸರೇ ಇತ್ತು. ದೋಣಿಯ ಮೇಲಿನ ಸಂಖ್ಯೆಗೂ ಚೀಟಿಯ ಸಂಖ್ಯೆಗೂ ಹೊಂದಿಕೆಯಿತ್ತು. ಎರಡು ವರ್ಷ ಕೂಡಿಟ್ಟ ಹಣವನ್ನು ಕೊಟ್ಟು ಮನೆಗೆ ತಂದರು. ದೋಣಿಗೆ ಮಗಳ ಹೆಸರನ್ನೇ ಇಟ್ಟರು. ಅವಳು ಅದರಲ್ಲಿ ವಿಹರಿಸಿದ್ದು ಮೂರು ಭಾನುವಾರ.

ನಾಲ್ಕನೆಯ ವಾರ ಒಂದು ಬ್ಯಾಂಕಿನಿಂದ ಕಾಗದ ಬಂತು. ಮಾರಿದವನು ಆ ದೋಣಿಯ ಆಧಾರದ ಮೇಲೆ ಸಾಲ ತೆಗೆದಿದ್ದ. ಬ್ಯಾಂಕಿನವರು ಆ ಸಾಲವನ್ನು ರಾಜ್ಯದ ಋಣ ದಾಖಲೆಯಲ್ಲಿ ಕ್ರಮವಾಗಿ ಬರೆಸಿಯೂ ಇದ್ದರು. ಆ ದಾಖಲೆ ದೋಣಿಯ ಕಚೇರಿಯಲ್ಲಿರಲಿಲ್ಲ. ವ್ಯಾಪಾರದ ಸಾಲಗಳನ್ನು ಬರೆದಿಡುವ ಇನ್ನೊಂದು ಕಡತದಲ್ಲಿತ್ತು. ಮಾರಿದವನು ಆ ವೇಳೆಗೆ ಬೇರೆ ರಾಜ್ಯಕ್ಕೆ ಹೊರಟುಹೋಗಿದ್ದ. ಉಳಿದ ಸಾಲವನ್ನು ತಾವು ಕಟ್ಟಬೇಕು, ಇಲ್ಲವೆ ದೋಣಿಯನ್ನು ಒಪ್ಪಿಸಬೇಕು ಎಂದಾಯಿತು. ಒಪ್ಪಿಸಿದರು. “ಮೇಷ್ಟ್ರೇ, ಅವರು ಬಂದು ದೋಣಿಯನ್ನು ಗಾಡಿಗೆ ಕಟ್ಟಿ ಎಳೆದುಕೊಂಡು ಹೋಗುವಾಗ ಮಗು, ‘ಅಪ್ಪಾ, ರಿಪೇರಿಗೆ ತೊಗೊಂಡು ಹೋಗ್ತಿದಾರಾ?’ ಅಂತ ಕೇಳಿದಳು. ಹೌದು ಅಂದೆ,” ಎಂದು ಅವರು ದೂರವಾಣಿಯಲ್ಲಿ ಹೇಳಿದಾಗ ನನಗೆ ಮಾತು ತೋಚಲಿಲ್ಲ.

ಅವರು ಕೊಂಡ ದೋಣಿ ಕಳವಿನದಲ್ಲ; ಕಾಗದ ಖೋಟಾ ಅಲ್ಲ. ನೋಂದಣಿಯ ಚೀಟಿ ತಾನು ಹೇಳಬೇಕಾದುದನ್ನು ಸತ್ಯವಾಗಿಯೇ ಹೇಳಿತ್ತು. ಈ ದೋಣಿ ಯಾರಿಗೆ ಋಣಿಯಾಗಿದೆ ಎಂಬ ಪ್ರಶ್ನೆಯನ್ನು ಮಾತ್ರ ಅದು ಉತ್ತರಿಸುವುದಿಲ್ಲ. ಉತ್ತರಿಸುವುದಕ್ಕೆ ಅದು ಹುಟ್ಟಿದ್ದೂ ಅಲ್ಲ.

ಒಡಲಿನ ಮೇಲಿನ ಜನ್ಮಪತ್ರಿಕೆ

ನೋಂದಣಿಯ ಸಂಖ್ಯೆ ಮನುಷ್ಯನ ವಿಳಾಸದಂತೆ; ದೋಣಿ ಖಾಯಮಾಗಿ ಬೇರೆ ರಾಜ್ಯಕ್ಕೆ ಹೋದರೆ ಅದು ಬದಲಾಗುತ್ತದೆ. ಬದಲಾಗದ ಇನ್ನೊಂದು ಗುರುತು ಬೇಕಲ್ಲವೆ? 1972ರ ನವೆಂಬರ್ 1ರಿಂದ ಈಚೆಗೆ ತಯಾರಾದ ದೋಣಿಗಳ ಒಡಲಿನ ಮೇಲೆಯೇ 12 ಅಕ್ಷರ–ಅಂಕಿಗಳ ಒಂದು ಗುರುತನ್ನು ತಯಾರಕರು ಮೂಡಿಸಬೇಕೆಂದು ನಿಯಮವಾಯಿತು. ದೋಣಿಯ ಹಿಂಬದಿಯ ಅಡ್ಡಹಲಗೆಯ ಬಲಮಗ್ಗುಲಿನಲ್ಲಿ ಅದನ್ನು ನೋಡಬಹುದು.

ಅದನ್ನು ಓದುವುದು ಜಾತಕ ಓದಿದಷ್ಟೇ ಸ್ವಾರಸ್ಯ. ಮೊದಲ ಮೂರು ಅಕ್ಷರಗಳು ತಯಾರಕನ ಸಂಕೇತ. ಮುಂದಿನ ಐದು, ಅವನ ಕಾರ್ಖಾನೆಯಲ್ಲಿ ಆ ಒಡಲಿಗೆ ಕೊಟ್ಟ ಕ್ರಮಸಂಖ್ಯೆ. ಕೊನೆಯ ನಾಲ್ಕು ಹುಟ್ಟಿದ ಕಾಲ. 1984ರ ಆಗಸ್ಟ್ ತಿಂಗಳಿಂದ ಈಚಿನ ದೋಣಿಗಳಲ್ಲಿ ಒಂಬತ್ತನೆಯ ಅಕ್ಷರ ತಿಂಗಳನ್ನು ತಿಳಿಸುತ್ತದೆ: ಎ ಎಂದರೆ ಜನವರಿ, ಬಿ ಎಂದರೆ ಫೆಬ್ರವರಿ, ಹೀಗೆ. ಅದರ ಮುಂದಿನ ಅಂಕಿ ವರ್ಷದ ಕೊನೆಯ ಅಂಕಿ. ಕಡೆಯ ಎರಡು ಅಂಕಿಗಳು ಮಾದರಿಯ ವರ್ಷ. ‘ಡಿ 506’ ಎಂದು ಮುಗಿದಿದ್ದರೆ ಅದು 2005ರ ಏಪ್ರಿಲ್ ತಿಂಗಳಿನಲ್ಲಿ ಹುಟ್ಟಿದ, 2006ರ ಮಾದರಿಯ ದೋಣಿ. ಮನೆಯಲ್ಲಿಯೇ ದೋಣಿ ಕಟ್ಟಿಕೊಂಡವನಿಗೆ ರಾಜ್ಯವೇ ಇಂಥ ಗುರುತನ್ನು ಕೊಡುತ್ತದೆ. ಅದರಲ್ಲಿ ರಾಜ್ಯದ ಎರಡಕ್ಷರದ ಮುಂದೆ ಝಡ್ ಎಂಬ ಅಕ್ಷರವಿರುತ್ತದೆ.

ಕಳ್ಳನು ಮೊದಲು ಕೈಹಾಕುವುದೂ ಈ ಜಾತಕಕ್ಕೇ. ಆದುದರಿಂದ 1984ರಿಂದ ಈಚೆಗೆ ಅದೇ ಗುರುತನ್ನು ದೋಣಿಯೊಳಗೆ ಹೊರಗೆ ಕಾಣದ ಜಾಗದಲ್ಲಿ ಎರಡನೆಯ ಸಲ ಮೂಡಿಸಬೇಕೆಂದು ಗೊತ್ತುಮಾಡಿದ್ದಾರೆ. ಕೋಸ್ಟ್ ಗಾರ್ಡಿನ ಅಪ್ಪಣೆಯಿಲ್ಲದೆ ಅದನ್ನು ಅಳಿಸುವುದಾಗಲಿ ತಿದ್ದುವುದಾಗಲಿ ನಿಷಿದ್ಧ. ಹಳೆಯ ದೋಣಿಯನ್ನು ಕೊಳ್ಳಹೋದವನು ಬಣ್ಣವನ್ನೂ ಮೆತ್ತನೆಯ ಆಸನಗಳನ್ನೂ ನೋಡುವ ಮೊದಲು ಬೆನ್ನು ಬಗ್ಗಿಸಿ ಈ ಹನ್ನೆರಡನ್ನು ಬೆರಳಿನಿಂದ ತಡವಿ ನೋಡುವುದು ಲೇಸು. ಉಜ್ಜಿದ ಕಲೆ, ಕಿತ್ತು ಕೂಡಿಸಿದ ತಗಡು, ಹೊಂದಿಕೊಳ್ಳದ ಒಂದು ಅಂಕಿ ಕಂಡರೆ ಅಲ್ಲಿಂದ ಹಿಂದಿರುಗುವುದು ಇನ್ನೂ ಲೇಸು.

ಹಡಗೇ ಆರೋಪಿ

ಈಗ ನೀರಿನ ಆಸ್ತಿಯ ಅತ್ಯಂತ ವಿಚಿತ್ರವಾದ ಮುಖವನ್ನು ನೋಡೋಣ. ನೆಲದ ಮೇಲೆ ಸಾಲ ಮಾಡಿದವನು ಮನುಷ್ಯ. ನ್ಯಾಯಾಲಯಕ್ಕೆ ಎಳೆಯುವುದೂ ಅವನನ್ನೇ. ಕಡಲಿನ ಕಾನೂನಿನಲ್ಲಿ ಹಡಗನ್ನೇ ಪ್ರತಿವಾದಿಯಾಗಿ ನಿಲ್ಲಿಸಬಹುದು. ಅಮೆರಿಕದ ನ್ಯಾಯಾಲಯದ ಕಡತಗಳಲ್ಲಿ ಮನುಷ್ಯರ ಹೆಸರಿರಬೇಕಾದ ಜಾಗದಲ್ಲಿ ಹಡಗುಗಳ ಹೆಸರನ್ನು ಕಾಣಬಹುದು. ನ್ಯಾಯಾಲಯದ ಅಧಿಕಾರಿ ಹೋಗಿ ಹಡಗನ್ನು ‘ದಸ್ತಗಿರಿ’ ಮಾಡುತ್ತಾನೆ!

1844ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮುಂದೆ ‘ಮಲೆಕ್ ಆಡೆಲ್’ ಎಂಬ ಹಡಗಿನ ಮೊಕದ್ದಮೆ ಬಂತು. 1840ರಲ್ಲಿ ನ್ಯೂಯಾರ್ಕಿನಿಂದ ಹೊರಟ ಈ ಹಡಗಿನ ನಾಯಕನು ನಡುಗಡಲಿನಲ್ಲಿ ಬೇರೆ ಹಡಗುಗಳ ಮೇಲೆ ಬಿದ್ದು ದಾಂಧಲೆ ನಡೆಸಿದ. ಹಡಗಿನ ಒಡೆಯರಿಗೆ ಇದರ ಸುಳಿವೇ ಇರಲಿಲ್ಲ. ಅವರು ನಿರಪರಾಧಿಗಳೆಂಬುದನ್ನು ಯಾರೂ ಅಲ್ಲಗಳೆಯಲಿಲ್ಲ. ಆದರೂ ಅಪರಾಧ ನಡೆಸಿದ್ದು ಹಡಗು, ಆದುದರಿಂದ ಹಡಗು ಜಪ್ತಿಯಾಗತಕ್ಕದ್ದೆಂದು ತೀರ್ಪಾಯಿತು. ಒಳಗಿದ್ದ ಸರಕು ಮಾತ್ರ ಒಡೆಯರಿಗೆ ಮರಳಿ ಸಿಕ್ಕಿತು. ನ್ಯಾಯಾಧೀಶ ಜೋಸೆಫ್ ಸ್ಟೋರಿಯವರು ಬರೆದ ಆ ತೀರ್ಪು ಇಂದಿಗೂ ಕಾನೂನಿನ ವಿದ್ಯಾರ್ಥಿಗಳು ಓದುವಂಥದು.

ಹಡಗು ಅಪರಾಧಿಯಾಗಬಹುದಾದರೆ ಸಾಲಗಾರನೂ ಆಗಬಹುದು. ದುರಸ್ತಿ ಮಾಡಿದ ಕಾರ್ಖಾನೆಗೆ ಕೊಡಬೇಕಾದ ಕೂಲಿ, ತುಂಬಿಸಿಕೊಂಡ ಎಣ್ಣೆಯ ಬೆಲೆ, ನಾವಿಕರ ಸಂಬಳ—ಇವು ಬಾಕಿಯಿದ್ದರೆ ಆ ಋಣ ಹಡಗಿಗೇ ಅಂಟಿಕೊಳ್ಳುತ್ತದೆ. ಒಡೆಯ ಬದಲಾದರೂ ಋಣ ಕಳಚುವುದಿಲ್ಲ. ನಮ್ಮ ಹಿರಿಯರು ಋಣಾನುಬಂಧವೆಂದು ಯಾವುದನ್ನು ಹೇಳುತ್ತಿದ್ದರೋ ಅದು ಇಲ್ಲಿ ಮರದ ಹಲಗೆಗೂ ಕಬ್ಬಿಣದ ಯಂತ್ರಕ್ಕೂ ತಗುಲಿಕೊಂಡಿದೆ ಎನ್ನಬೇಕು. ಇನ್ನೂ ತೊಡಕಿನ ಸಂಗತಿಯೆಂದರೆ, ಈ ಋಣ ಯಾವ ದಾಖಲೆಯಲ್ಲಿಯೂ ಬರೆಯದೆ ಬದುಕಿರಬಲ್ಲದು. ದಾಖಲೆಗಳನ್ನೆಲ್ಲ ಶೋಧಿಸಿದವನಿಗೂ ಅದು ಕಾಣದೆ ಹೋಗಬಹುದು. ಕಡಲ ನ್ಯಾಯಾಲಯವೇ ಹಡಗನ್ನು ಹರಾಜು ಹಾಕಿದರೆ ಮಾತ್ರ ಕೊಂಡವನ ಕೈಗೆ ಅದು ಹಿಂದಿನ ಋಣಗಳನ್ನೆಲ್ಲ ತೊಳೆದುಕೊಂಡು ಬರುತ್ತದೆ. ಕಡಲು, ಹೆದ್ದೊರೆ, ಮಹಾಸರೋವರಗಳಂಥ ಸಂಚಾರದ ನೀರಿಗೆ ಈ ಕಾನೂನು ಸಲ್ಲುತ್ತದೆ. ಒಂದೇ ರಾಜ್ಯದೊಳಗೆ ದಾರಿಯಿಲ್ಲದೆ ಮುಚ್ಚಿಕೊಂಡಿರುವ ಕೆರೆಗೆ ಸಾಮಾನ್ಯವಾಗಿ ಇದರ ಕೈ ಚಾಚುವುದಿಲ್ಲ.

ಶೋಧನೆಯ ದಾರಿ

ಹಾಗಾದರೆ ಕೊಳ್ಳುವವನು ಏನು ಮಾಡಬೇಕು? ದೋಣಿಯ ಮುಂದೆ ನಿಂತು ಮೂರು ಪ್ರಶ್ನೆಗಳನ್ನು ಪ್ರತ್ಯೇಕವಾಗಿ ಕೇಳಬೇಕು: ಇದು ಎಲ್ಲಿ ನೋಂದಣಿಯಾಗಿದೆ? ಇದು ಯಾರದು? ಇದು ಯಾರಿಗೆ ಋಣಿ? ಈ ಮೂರಕ್ಕೂ ಉತ್ತರ ಒಂದೇ ಬಾಗಿಲಿನಲ್ಲಿ ಸಿಕ್ಕುವುದಿಲ್ಲ.

ಮೊದಲನೆಯದಾಗಿ, ಒಡಲಿನ ಮೇಲಿನ ಹನ್ನೆರಡು ಅಕ್ಷರ–ಅಂಕಿಗಳನ್ನು ನೋಂದಣಿಯ ಚೀಟಿಯೊಡನೆಯೂ, ಹಕ್ಕುಪತ್ರವಿದ್ದರೆ ಅದರೊಡನೆಯೂ ಒಂದೊಂದಾಗಿ ತಾಳೆ ನೋಡಬೇಕು. ಮಾರುವವನ ಹೆಸರಿಗೂ ಹಕ್ಕುಪತ್ರದ ಹೆಸರಿಗೂ ಹೊಂದಿಕೆಯಾಗಬೇಕು. ‘ಅಣ್ಣನ ಪರವಾಗಿ ಮಾರುತ್ತಿದ್ದೇನೆ’, ‘ಪತ್ರ ಅಂಚೆಯಲ್ಲಿ ಬರುತ್ತಿದೆ’ ಎಂಬಂಥ ಮಾತುಗಳು ಬಂದರೆ ಹಣದ ಚೀಲವನ್ನು ಕಟ್ಟಿಯೇ ಇಡಬೇಕು. ಹಕ್ಕುಪತ್ರದ ಮುಖದ ಮೇಲೆಯೇ ಸಾಲ ಕೊಟ್ಟವರ ಹೆಸರು ಬರೆದಿದ್ದರೆ, ಸಾಲ ತೀರಿತೆಂಬ ಅವರ ಬರವಣಿಗೆಯನ್ನೂ ಕೇಳಿ ಪಡೆಯಬೇಕು.

ಎರಡನೆಯದಾಗಿ, ದೋಣಿ ಇದ್ದ ರಾಜ್ಯದ ಕಚೇರಿಗೆ ಬರೆದು ದಾಖಲೆಯನ್ನು ತರಿಸಬೇಕು. ಈ ಕಚೇರಿಯ ಹೆಸರು ಊರಿಗೊಂದು ತರಹ. ಕ್ಯಾಲಿಫೋರ್ನಿಯದಲ್ಲಿ ಮೋಟಾರು ವಾಹನಗಳ ಇಲಾಖೆ, ಟೆಕ್ಸಾಸಿನಲ್ಲಿ ಉದ್ಯಾನ ಮತ್ತು ವನ್ಯಜೀವಿಗಳ ಇಲಾಖೆ, ಮಿಷಿಗನ್ನಿನಲ್ಲಿ ರಾಜ್ಯ ಕಾರ್ಯದರ್ಶಿಯ ಕಚೇರಿ, ಫ್ಲಾರಿಡದಲ್ಲಿ ಜಿಲ್ಲೆಯ ತೆರಿಗೆ ಅಧಿಕಾರಿಯ ಬಾಗಿಲು. ಒಡೆಯನ ಹೆಸರನ್ನು ಎಷ್ಟು ಧಾರಾಳವಾಗಿ ಹೇಳುತ್ತಾರೆಂಬುದರಲ್ಲಿಯೂ ಭೇದವಿದೆ. ಕೆಲವರು ಸಣ್ಣ ಶುಲ್ಕಕ್ಕೆ ಒಡೆತನದ ಹಿಂದಿನ ಚರಿತ್ರೆಯನ್ನೇ ನಕಲು ಮಾಡಿ ಕೊಡುತ್ತಾರೆ. ಕೆಲವರು ಒಡೆಯನ ಖಾಸಗಿ ಬಾಳನ್ನು ಕಾಪಾಡಬೇಕೆಂಬ ಕಾರಣದಿಂದ, ಕೇಳುವವನ ಉದ್ದೇಶವನ್ನು ತಿಳಿಯದೆ ವಿಳಾಸವನ್ನು ಹೊರಗೆಡಹುವುದಿಲ್ಲ. ಅಂಥ ಕಡೆ ಮಾರುವವನನ್ನೇ ಮುಂದಿಟ್ಟುಕೊಂಡು ಕೇಳುವುದು ಉಚಿತ. ಅವನು ಅದಕ್ಕೆ ಒಪ್ಪದಿದ್ದರೆ ಅದೂ ಒಂದು ಉತ್ತರವೇ.

ಮೂರನೆಯದಾಗಿ, ಹಕ್ಕುಪತ್ರವಿಲ್ಲದ ದೋಣಿಯಾದರೆ, ಮಾರುವವನ ಹೆಸರಿನಲ್ಲಿ ರಾಜ್ಯದ ಋಣ ದಾಖಲೆಯನ್ನು ಶೋಧಿಸಬೇಕು. ಚರಸ್ವತ್ತಿನ ಆಧಾರದ ಮೇಲೆ ಕೊಟ್ಟ ಸಾಲಗಳನ್ನು ಅಲ್ಲಿ ಬರೆದಿರುತ್ತಾರೆ. ನನ್ನ ವಿದ್ಯಾರ್ಥಿಯ ದೋಣಿಯನ್ನು ಕೊಂಡೊಯ್ದದ್ದು ಈ ಕಡತವೇ.

ನಾಲ್ಕನೆಯದಾಗಿ, ದೋಣಿ ದೊಡ್ಡದಾಗಿದ್ದರೆ ಕೇಂದ್ರದ ದಾಖಲೆಯನ್ನೂ ನೋಡಬೇಕು. 5 ಟನ್ನು ಅಥವಾ ಅದಕ್ಕೆ ಮೇಲ್ಪಟ್ಟ ದೋಣಿಗಳನ್ನು ಅವುಗಳ ಒಡೆಯರು ಕೋಸ್ಟ್ ಗಾರ್ಡಿನ ರಾಷ್ಟ್ರೀಯ ನೌಕಾ ದಾಖಲಾತಿ ಕೇಂದ್ರದಲ್ಲಿ ಬರೆಸಬಹುದು. ಈ ಟನ್ನು ತೂಕದ್ದಲ್ಲ, ಒಡಲಿನ ಒಳ ಅಳತೆಯದು. ಅಂಥ ದೋಣಿಯ ಮೇಲೆ ರಾಜ್ಯದ ಸಂಖ್ಯೆ ಇರುವುದಿಲ್ಲ. ಅದಕ್ಕೆ ಬದಲು ಅದರ ಹೆಸರೂ ಅದು ತನ್ನದೆಂದು ಹೇಳಿಕೊಳ್ಳುವ ಊರಿನ ಹೆಸರೂ ಬರೆದಿರುತ್ತವೆ. ಆ ಕೇಂದ್ರದಿಂದ ‘ಒಡೆತನದ ಸಾರಪತ್ರ’ವನ್ನು ತರಿಸಿದರೆ, ಮೊದಲಿನಿಂದ ಕೊನೆಯವರೆಗೆ ಯಾರು ಯಾರಿಗೆ ಮಾರಿದರು, ಯಾರಲ್ಲಿ ಅಡವಿಟ್ಟರು, ಯಾರು ಬಾಕಿಯಿದೆಯೆಂದು ತಕರಾರು ಬರೆಸಿದರು ಎಂಬುದೆಲ್ಲ ಒಂದೇ ಕಡೆ ಸಿಕ್ಕುತ್ತದೆ. ನಮ್ಮ ಋಣಭಾರ ಪತ್ರಕ್ಕೆ ಅತ್ಯಂತ ಸಮೀಪದ ಬಂಧು ಇದೇ.

ಕೊನೆಯದಾಗಿ, ಯಾವ ಕಡತದಲ್ಲಿಯೂ ಕಾಣದ ಕಡಲ ಋಣಕ್ಕೆ ಕಾಲ್ನಡಿಗೆಯೇ ಶೋಧನೆ. ದೋಣಿಯನ್ನು ಕಟ್ಟುತ್ತಿದ್ದ ದಕ್ಕೆ, ದುರಸ್ತಿ ಮಾಡಿಸುತ್ತಿದ್ದ ಕಾರ್ಖಾನೆ, ಎಣ್ಣೆ ಹಾಕಿಸುತ್ತಿದ್ದ ಅಂಗಡಿ—ಈ ಮೂರು ಕಡೆ ವಿಚಾರಿಸಿ, ಬಾಕಿಯಿಲ್ಲವೆಂಬ ಚೀಟಿಯನ್ನು ಪಡೆಯಬೇಕು. ಬಾಕಿ ಹೊರಬಿದ್ದರೆ ತಾನೇ ಹೊಣೆಯೆಂದು ಮಾರುವವನಿಂದ ಬರೆಸಿಕೊಳ್ಳುವುದೂ ಒಳ್ಳೆಯದು.

ಗಾಯ ಮುಚ್ಚಿದ ದೋಣಿಗಳು

ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮವಿರುವುದರಿಂದ ಲಾಭವಾಗುವುದು ಯಾರಿಗೆಂಬುದನ್ನು ಹೇಳದೆ ಈ ಲೇಖನ ಪೂರ್ತಿಯಾಗದು. 2005ರಲ್ಲಿ ಕತ್ರಿನಾ ಎಂಬ ಚಂಡಮಾರುತ ಅಮೆರಿಕದ ದಕ್ಷಿಣ ತೀರವನ್ನು ಬಡಿದಾಗ ಮನೆಗಳಂತೆಯೇ ಅಸಂಖ್ಯಾತ ದೋಣಿಗಳೂ ಒಡೆದುಹೋದುವು. ಇಂಥ ಒಡಕು ದೋಣಿಗೆ ಮೇಲೆ ಬಣ್ಣ ಬಳಿದು, ಹಕ್ಕುಪತ್ರವನ್ನೇ ಕೇಳದ ರಾಜ್ಯಕ್ಕೆ ಒಯ್ದು, ಅಲ್ಲಿಂದ ಹೊಸ ಕಾಗದ ಮಾಡಿಸಿದರೆ ಅದರ ಗಾಯದ ಕತೆ ಅಳಿಸಿಹೋಗುತ್ತದೆ. ಕೊಂಡವನ ಹೆಂಡತಿ ಮಕ್ಕಳು ಅದರಲ್ಲಿ ಕುಳಿತು ನಡುನೀರಿಗೆ ಹೋಗುತ್ತಾರೆ. ಆಗ ಇದು ಬರಿಯ ಹಣದ ಮಾತಾಗಿ ಉಳಿಯುವುದಿಲ್ಲ.

ಇದನ್ನು ತಡೆಯಲೆಂದು ಅಲ್ಲಿನ ಏಕರೂಪ ಕಾನೂನು ಆಯೋಗ 2011ರಲ್ಲಿ ದೋಣಿಯ ಹಕ್ಕುಪತ್ರಕ್ಕೆ ಒಂದು ಮಾದರಿ ಕಾಯಿದೆಯನ್ನು ರಚಿಸಿತು. ಒಡಲಿಗೆ ದೊಡ್ಡ ಪೆಟ್ಟು ಬಿದ್ದಿದ್ದರೆ ‘ಒಡಲು ಹಾನಿ’ ಎಂಬ ಮುದ್ರೆ ಹಕ್ಕುಪತ್ರದ ಮೇಲೆಯೇ ಬೀಳಬೇಕು. ದೋಣಿ ಎಲ್ಲಿಗೆ ಹೋದರೂ ಆ ಮುದ್ರೆ ಜೊತೆಗೆ ಹೋಗಬೇಕು ಎಂಬುದು ಅದರ ಮುಖ್ಯ ಅಂಶಗಳಲ್ಲಿ ಒಂದು. ಫ್ಲಾರಿಡದಲ್ಲಿ ಇದು 2023ರ ಜುಲೈ 1ರಿಂದ ಜಾರಿಗೆ ಬಂತು. ಆದರೆ ಇದನ್ನು ಒಪ್ಪುವುದೂ ಬಿಡುವುದೂ ಆಯಾ ರಾಜ್ಯದ ಇಷ್ಟ. ಎಲ್ಲರೂ ಒಪ್ಪುವ ತನಕ ಬೇಲಿಯಲ್ಲಿ ಕಂಡಿ ಉಳಿದೇ ಇರುತ್ತದೆ.

ನಮ್ಮ ದೇಶದಲ್ಲಿಯೂ ಒಳನಾಡಿನ ದೋಣಿಗಳಿಗೆ 1917ರ ಕಾಯಿದೆಯೊಂದು ಶತಮಾನಕ್ಕೂ ಮೀರಿ ನಡೆದುಬಂದಿತ್ತು. ಅದನ್ನು ತೆಗೆದು 2021ರಲ್ಲಿ ಹೊಸ ಒಳನಾಡು ನೌಕಾ ಕಾಯಿದೆಯನ್ನು ಮಾಡಿದರು. ನೋಂದಣಿ ರಾಜ್ಯಗಳ ಕೈಯಲ್ಲಿಯೇ ಉಳಿದರೂ, ಒಂದು ರಾಜ್ಯ ಕೊಟ್ಟ ಪತ್ರ ಉಳಿದೆಲ್ಲ ರಾಜ್ಯಗಳಲ್ಲಿಯೂ ಸಲ್ಲಬೇಕು, ದೋಣಿಗಳ ವಿವರವೆಲ್ಲ ಕೇಂದ್ರದ ಒಂದೇ ದಾಖಲೆಯಲ್ಲಿ ಸೇರಬೇಕು ಎಂಬುದು ಅದರ ಆಶಯ. ನದಿ ರಾಜ್ಯದ ಗಡಿಯನ್ನು ಕಂಡು ನಿಲ್ಲುವುದಿಲ್ಲ. ದೋಣಿಯ ಕಾಗದವೂ ನಿಲ್ಲಬಾರದೆಂಬ ತಿಳಿವಳಿಕೆ ಎರಡು ದೇಶಗಳಲ್ಲಿಯೂ ನಿಧಾನವಾಗಿ ಮೂಡುತ್ತಿದೆ.

ಕಡೆಗೂ ಕಾಯಿದೆ ಎಷ್ಟು ನಯವಾದರೂ, ಕೇಳದವನ ಕಿವಿಯಲ್ಲಿ ಅದು ಬಂದು ಹೇಳುವುದಿಲ್ಲ. ಮನೆ ಕೊಳ್ಳುವಾಗ ಮೂರು ತಲೆಮಾರಿನ ಕಾಗದ ಕೇಳುವ ನಮ್ಮ ಸಂಸಾರಸ್ಥರು, ಸಂತೋಷಕ್ಕಾಗಿ ಕೊಳ್ಳುವ ವಸ್ತುವಿನ ಮುಂದೆ ಆ ವಿವೇಕವನ್ನು ದಡದಲ್ಲಿಯೇ ಬಿಟ್ಟು ದೋಣಿ ಹತ್ತಿಬಿಡುತ್ತಾರೆ. ಪರದೇಶದಲ್ಲಿರುವ ಮಗನೋ ಅಳಿಯನೋ ಈ ಬೇಸಗೆಯಲ್ಲಿ ಅಗ್ಗದ ದೋಣಿಯೊಂದರ ಸುದ್ದಿ ಹೇಳಿದರೆ, ಅದರ ಬಣ್ಣ ಯಾವುದೆಂದು ಕೇಳುವುದಕ್ಕೆ ಮೊದಲು ಅದರ ಋಣ ಯಾರದೆಂದು ಕೇಳಿರಿ.